ಮೌಶಿಯ ಕಂಪ್ಯೂಟರ್ ತಂಬೂರಿ

ನಮ್ಮ ಮೌಶಿಯ ಕೈಯಲ್ಲಿ ನಪಾಸಾದವರ ಹೆಸರು ಹೇಳಿದರೆ ನೀವು ನಂಬುವುದಿಲ್ಲ. ಬೇಸಿಕ್ ನಪಾಸು, ಪಾಸ್ಕಲ್ ನಪಾಸು, ಜಾವಾ ಎರಡು ಸಲ ನಪಾಸು! ಇವೆಲ್ಲ ಕಂಪ್ಯೂಟರಿಗೆ ಕೆಲಸ ಹೇಳುವ ಭಾಷೆಗಳು. ಹುಕ್ಕೇರಿಯ ಸಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದ ನನ್ನ ತಾಯಿಯ ಈ ತಂಗಿ, ಮಕ್ಕಳ ಉತ್ತರಪತ್ರಿಕೆ ತಿದ್ದಿ ಮುಗಿಸಿದ ಮೇಲೆ ಅದೇ ಕೆಂಪು ಪೆನ್ನಿನಿಂದ ಭಾಷೆಗಳಿಗೂ ಅಂಕ ಹಾಕುತ್ತಿದ್ದಳು. ಪರೀಕ್ಷೆ ಒಂದೇ: ಕಂಪ್ಯೂಟರಿನಲ್ಲಿ ತಂಬೂರಿ ನುಡಿಸಬೇಕು.

ತೊಂಬತ್ತರ ದಶಕದ ಕೊನೆ. ನಾನು ಕಾಲೇಜಿಗೆಂದು ಗೋಕಾಕದ ಅವಳ ಮನೆಯಲ್ಲಿದ್ದೆ. ಇಡೀ ಓಣಿಗೆ ಅದೊಂದೇ ಕಂಪ್ಯೂಟರ್. ಅದೂ ಏತಕ್ಕೆ? ಬಸ್ಸಿಳಿದು ಬಂದ ಕೂಡಲೇ 'ಗುಂಯ್' ಎನ್ನಿಸಲಿಕ್ಕೆ!

"ಮೌಶಿ, ಅಂಗಡ್ಯಾಗ ಇಲೆಕ್ಟ್ರಿಕ್ ತಂಬೂರಿ ಸಿಗತಾವಲ್ಲ?" ಎಂದು ಒಮ್ಮೆ ಕೇಳಿದೆ.

"ಸಿಗತಾವ. ಹಚ್ಚಿದ್ದ ಒಂದ ಸ್ವರಾ ಹಿಡಕೊಂಡು ಕುಂದರತಾವ. ನನಗ ಹೇಳಿದ್ದ ಕೇಳೂದು ಬೇಕು. ಹಾಜರಿ ಕರದಾಗ ಹುಡುಗ್ರು ಆಗಿಂದಾಗ 'ಎಸ್ ಅಕ್ಕೋರ' ಅಂತಾರೋ ಇಲ್ಲೋ? ಮೂರು ಹೆಸರು ದಾಟಿದಮ್ಯಾಲ ಅಂದ್ರ ಗೈರಹಾಜರಿ!"

ಈ ಪರೀಕ್ಷೆಯಲ್ಲೇ ಭಾಷೆಗಳು ಒಂದೊಂದಾಗಿ ಬಿದ್ದವು. ಬೇಸಿಕ್ಕಿನಲ್ಲಿ ಒಂದು ಸಲಕ್ಕೆ ಒಂದೇ ಸ್ವರ. ಅದೂ ಕೋಳಿಯ ಕತ್ತು ಹಿಡಿದಂಥ ಕೀರಲು. ಪಾಸ್ಕಲ್ ಸದ್ದು ಮಾಡುತ್ತ ಕೂತರೆ ಕೀಲಿ ಒತ್ತಿದರೂ ತಿರುಗಿ ನೋಡುತ್ತಿರಲಿಲ್ಲ. ಸಿ ಭಾಷೆ ಚುರುಕು. ಆದರೆ ಎಲ್ಲೋ ಒಂದು ಚುಕ್ಕೆ ತಪ್ಪಿದರೆ ಕಿಟಾರನೆ ಕಿರುಚಿ ಯಂತ್ರವನ್ನೇ ಮಲಗಿಸುತ್ತಿತ್ತು. ಜಾವಾ ಕಂಪ್ಯೂಟರಿನ ಮೆಮರಿಯಲ್ಲಿ ತಾನು ಬಳಸಿ ಬಿಟ್ಟ ಜಾಗವನ್ನು ಚೊಕ್ಕ ಮಾಡಲು ನಡುನಡುವೆ ನಿಂತುಬಿಡುತ್ತಿತ್ತು. "ಹಾಡು ನಡದಾಗ ಎದ್ದು ಕಸಾ ಹೊಡೀತೈತಿ ನೋಡು ಇದು!" ಎಂದು ಮೌಶಿ ಕೆಂಪು ಗೆರೆ ಎಳೆದಳು. ಸಂಗೀತಕ್ಕೆಂದೇ ಹುಟ್ಟಿದ ಸಿಸೌಂಡ್ ಮಾತ್ರ ತಂಬೂರಿಯನ್ನು ತಂಬೂರಿಯ ಹಾಗೆ ನುಡಿಸಿತು. ಆದರೆ ನಮ್ಮ ಹಳೆಯ ಯಂತ್ರದಲ್ಲಿ ಎಲ್ಲ ಬರೆದುಕೊಟ್ಟು, ಹೋಗಿ ನಾಲ್ಕು ರೊಟ್ಟಿ ಬಡಿದು ಬಂದು, ಆಮೇಲೆ ಕೇಳಬೇಕು!

ಇದನ್ನೆಲ್ಲ ಅನಿವಾರ್ಯವಾಗಿ ಕೇಳುತ್ತಿದ್ದವರು ಮೌಶಿಯ ಅತ್ತೆ. ನಾನು ಅವರನ್ನು ಅಜ್ಜಿ ಎನ್ನುತ್ತಿದ್ದೆ. ಸೋಮವಾರಕ್ಕೊಮ್ಮೆ ಹಾರ್ಮೋನಿಯಂ ಪೇಟಿ ಮುಂದಿಟ್ಟುಕೊಂಡು ವಚನ ಹಾಡುವವರು. ಅವರ ತವರು ಮೂಡಲಗಿ. ಪ್ರತಿ ಶ್ರಾವಣದಲ್ಲೂ ಅಲ್ಲಿಯ ಹೆಣ್ಣುಮಕ್ಕಳು ಕರೆಸಿ ಹಾಡಿಸುತ್ತಿದ್ದರು. "ನಿನ್ನ ಡಬ್ಬಿ ಕೂಸಿನಂಗ ಅಳಾಕತ್ತೈತಿ, ಬಂದ್ ಮಾಡು," ಎಂದು ಅವರು ಒಳಗಿನಿಂದ ಹೇಳುವರು. ಮೌಶಿ ಬಂದ್ ಮಾಡುವಳು. ಅತ್ತೆ-ಸೊಸೆಯರ ನಡುವೆ ಇದಕ್ಕಿಂತ ಹೆಚ್ಚಿನ ಮಾತನ್ನು ನಾನು ಕೇಳಿದ್ದು ಕಡಿಮೆ.

ನನ್ನ ಕೊನೆಯ ವರ್ಷದಲ್ಲಿ, ಒಂದು ಸೋಮವಾರ ಅಜ್ಜಿ ಹಾಡನ್ನು ಅರ್ಧಕ್ಕೆ ನಿಲ್ಲಿಸಿ ಪೇಟಿ ಮುಚ್ಚಿಟ್ಟರು. ವಯಸ್ಸಾದ ಕಂಠ, ಹಾಡುತ್ತ ಹಾಡುತ್ತ ಕೆಳಗೆ ಜಾರುತ್ತಿತ್ತು. ಪೇಟಿಯ ಒಂದು ಸ್ವರದ ಮನೆಗೂ ಇನ್ನೊಂದಕ್ಕೂ ನಡುವೆ, ಪೇಟಿ ನುಡಿಯಲಾರದ ಕಡೆ ಎಲ್ಲೋ ಹೋಗಿ ನಿಲ್ಲುತ್ತಿತ್ತು. ಮೂಡಲಗಿಯಿಂದ ಕರೆ ಬಂದಾಗ, "ನನ್ನಿಂದ ಆಗೂದಿಲ್ಲಂತ ಹೇಳ್ರಿ," ಎಂದು ಗೋಡೆಗೆ ಮುಖ ಮಾಡಿ ಮಲಗಿದರು.

ಆಗ ನನಗೆ ಗೊತ್ತಾಯಿತು. ಆ ಜಾರುವಿಕೆಯನ್ನು ಮೌಶಿ ವರ್ಷಗಳ ಹಿಂದೆಯೇ ಕೇಳಿಸಿಕೊಂಡಿದ್ದಳು. ಹೇಳಿದ್ದನ್ನು ಆಗಿಂದಾಗ ಕೇಳುವ ತಂಬೂರಿ ಅವಳಿಗೆ ಬೇಕಾಗಿದ್ದು ಅದಕ್ಕೇ.

ಅಷ್ಟರಲ್ಲಿ ಅವಳಿಗೆ ಪ್ಯೂರ್ ಡೇಟಾ ಎಂಬ ಹೊಸ ಭಾಷೆ ಸಿಕ್ಕಿತ್ತು. ಅದರಲ್ಲಿ ಬರೆಯುವುದು ಕಡಿಮೆ. ಪರದೆಯ ಮೇಲೆ ಚೌಕ ಇಟ್ಟು ಗೆರೆಯಿಂದ ಜೋಡಿಸುವುದು. ಸದ್ದು ನಡೆದಿರುವಾಗಲೇ ಮೌಸ್ ಎಳೆದರೆ ಸ್ವರ ಏರುತ್ತದೆ, ಇಳಿಯುತ್ತದೆ. ಮೌಶಿ ಮೊದಲ ಸಲ ನೂರಕ್ಕೆ ಎಪ್ಪತ್ತು ಹಾಕಿದಳು.

"ಅತ್ತೀ, ಈ ಸಲ ಪೇಟಿ ಬ್ಯಾಡ್ರಿ. ನಾ ತಂಬೂರಿ ಹಚ್ಚತೀನಿ, ನೀವು ಹಾಡ್ರಿ."

"ಆ ಡಬ್ಬಿ ಜೋಡಿ?"

"ಒಂದ ಸಲರಿ."

ಅಜ್ಜಿ ಎದ್ದು ಒಳಗೆ ಹೋದರು. ಹೊರಡುವ ದಿನ ನೋಡಿದರೆ ಇಳಕಲ್ಲ ಸೀರೆ ಉಟ್ಟು ಕಟ್ಟೆಯ ಮೇಲೆ ಕೂತಿದ್ದರು!

ಕಂಪ್ಯೂಟರಿನ ಉಳಿದ ಸಾಮಾನನ್ನು ಕಾಲ ಬಳಿ ಇಟ್ಟು, ಮಾನಿಟರನ್ನು ಕೌದಿಯಲ್ಲಿ ಸುತ್ತಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂಡಿಸಿದೆವು. ಕಂಡಕ್ಟರ್ ಬಗ್ಗಿ ನೋಡಿದ. "ಟೀವಿ ಏನ್ರಿ ಅಕ್ಕೋರ?"

"ಅಲ್ರಿ, ತಂಬೂರಿ," ಎಂದಳು ಮೌಶಿ.

ಅವನು ನನ್ನ ಮುಖ ನೋಡಿದ. ನಾನು ಹೊರಗಿನ ಕಬ್ಬು ನೋಡಿದೆ.

ಮೂಡಲಗಿಯ ಆ ಮನೆಯ ಪಡಸಾಲೆ ತುಂಬಿತ್ತು. ತಂಬೂರಿ ಮೊರೆಯಿತು. ಅಜ್ಜಿ ಕಣ್ಣು ಮುಚ್ಚಿ ಹಾಡಿದರು. ಎರಡನೆಯ ವಚನಕ್ಕೆ ಬಂದಾಗ ದನಿ ಜಾರತೊಡಗಿತು. ಮೌಶಿಯ ಕಣ್ಣು ಅತ್ತೆಯ ಗಂಟಲ ಮೇಲಿತ್ತು, ಬೆರಳು ಮೌಸಿನ ಮೇಲೆ. ಎಳ್ಳಷ್ಟು ಎಳೆದಳು. ತಂಬೂರಿ ಎಳ್ಳಷ್ಟು ಇಳಿದು ಅಜ್ಜಿಯ ದನಿಯ ಕೆಳಗೆ ಹೋಗಿ ನಿಂತಿತು. ಮತ್ತೆ ಜಾರಿತು, ಮತ್ತೆ ಇಳಿಸಿದಳು. ಒಂದು ತಾಸು ಹೀಗೆಯೇ ನಡೆಯಿತು. ಯಾರಿಗೂ ಏನೂ ತಿಳಿಯಲಿಲ್ಲ. ಒಬ್ಬಿಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡರು.

ಎಲ್ಲರೂ ಎದ್ದುಹೋದ ಮೇಲೆ ಅಜ್ಜಿ ಸೊಸೆಯನ್ನು ಕರೆದು ಪಕ್ಕದಲ್ಲಿ ಕೂಡಿಸಿಕೊಂಡರು.

"ಎಷ್ಟ ಇಳದಿದ್ನಿ ನಾ?"

ಗಣಿತದ ಅಕ್ಕೋರು ಅಳತೆ ಹೇಳಲಿಲ್ಲ. "ನೀವಲ್ರಿ ಅತ್ತೀ. ಆ ಮಷೀನ ಬಿಸಿ ಆದಂಗ ತಾನ ಇಳೀತೈತಿ."

ಅಜ್ಜಿ ಒಂದು ತಾಸು ಮೌಸ್ ಹಿಡಿದು ಮರಗಟ್ಟಿದ ಅವಳ ಬೆರಳುಗಳನ್ನು ತಮ್ಮ ಅಂಗೈಯಲ್ಲಿಟ್ಟು ಮೆಲ್ಲಗೆ ತಿಕ್ಕಿದರು.

"ಹೌದೇನು? ಹಂಗಾರ ಸೋಮವಾರ ಮನ್ಯಾಗೂ ಹಚ್ಚವಾ," ಎಂದರು. "ಇಬ್ರೂ ಕೂಡೇ ಇಳಿಯೂಣು."