ನನ್ನ ಪಾಸ್ತಾ ತಪಾಸಣೆ

ಇವತ್ತಿನ ಆಘಾತದಿಂದ ಇನ್ನೂ ಚೇತರಿಸಿಕೊಂಡಿಲ್ಲ. ಅಕ್ಷರ ಸೊಟ್ಟಗಾದರೆ ಪೆನ್ನನ್ನು ಬೈಯಬೇಡಿ.

ನಮ್ಮ ಮಗಳಿಗೆ ಮೊಟ್ಟೆ ಆಗುವುದಿಲ್ಲ. ಹೋದ ವರ್ಷ ಯಾರದೋ ಮನೆಯ ಕೇಕು ಒಂದು ಚೂರು ಬಾಯಿಗೆ ಹೋಗಿ, ತುಟಿ ಊದಿ, ಉಸಿರು ಕಟ್ಟಿ, ಆಸ್ಪತ್ರೆಯ ಮಂಚದ ಮೇಲೆ ಅವಳ ಪುಟ್ಟ ಪಾದ ಹಿಡಿದು ಕೂತವಳು ನಾನು. ಅಂದಿನಿಂದ ಪೊಟ್ಟಣದ ಹಿಂದಿನ ಇರುವೆಯಂಥ ಅಕ್ಷರಗಳನ್ನು ಪಾರಾಯಣ ಮಾಡದೆ ಏನನ್ನೂ ಕೊಳ್ಳುವುದಿಲ್ಲ. ಯಜಮಾನರು ಪೊಟ್ಟಣ ತಿರುಗಿಸುವ ಮೊದಲೇ "ನೋಡಿದೆ, ಏನಿಲ್ಲ" ಅನ್ನುವವರ ಪೈಕಿ. ಅವರ ಮೇಲೆ ನನಗೆ ಎಳ್ಳಷ್ಟೂ ನಂಬಿಕೆಯಿಲ್ಲ. (ಇರಲಿಲ್ಲ.)

ಇವತ್ತು ಹೋಟೆಲಿನಲ್ಲಿ ಮಗಳು ಪಾಸ್ತಾ ಬೇಕೆಂದಳು. ನಾನು ಅಡುಗೆಯವರನ್ನೇ ಹೊರಗೆ ಕರೆಸಿದೆ.

"ಹಿಟ್ಟಿಗೆ ಮೊಟ್ಟೆ ಹಾಕ್ತೀರಾ?"

"ಇಲ್ಲೇ ನಾದಿ ಮಾಡೋ ಪಾಸ್ತಾಗೆ ಹಾಕ್ತೀವಮ್ಮ. ಪೊಟ್ಟಣದ ಒಣ ಪಾಸ್ತಾದಲ್ಲಿ ಇಲ್ಲ."

"ಪೊಟ್ಟಣ ತನ್ನಿ."

ತಂದರು. ಓದಿದೆ. ಅವರು ನಿಂತೇ ಇದ್ದರು.

"ಬೇಯಿಸೋ ನೀರು?"

"ನೀರಲ್ಲಿ ಮೊಟ್ಟೆ ಯಾಕಿರುತ್ತಮ್ಮ?"

"ಅದೇ ನೀರಲ್ಲಿ ಆಗಲೇ ಆ ಮೊಟ್ಟೆ ಪಾಸ್ತಾನ ಬೇಯಿಸಿರ್ತೀರಲ್ಲ."

ಅವರು ಹಣೆ ಒರೆಸಿಕೊಂಡರು. "ಹೊಸ ನೀರು ಇಡ್ತೀನಿ."

"ಪಾತ್ರೆ? ಸೌಟು? ಜರಡಿ? ಕೈ?"

"ಕೈ ಇದೇ ಅಮ್ಮ. ತೊಳೀತೀನಿ."

"ಬಿಡೇ, ಅವರಿಗೂ ಸಂಸಾರ ಇದೆ" ಎಂದರು ಯಜಮಾನರು. ಎಂದವರು ತಮಗೆ ಮಾತ್ರ ಮೊಟ್ಟೆಯ ಸಾಸಿನಲ್ಲಿ ಈಜಾಡುವ ಪಾಸ್ತಾ ತರಿಸಿಕೊಂಡರು. ನಾನು ಅವರನ್ನು ತಟ್ಟೆಸಮೇತ ಮೇಜಿನ ಆ ತುದಿಗೆ ಗಡಿಪಾರು ಮಾಡಿದೆ.

"ನಿಮ್ಮ ಫೋರ್ಕು ಈ ಕಡೆ ಬಂದರೆ ನೋಡಿ."

ಅಷ್ಟಕ್ಕೂ ಎಷ್ಟು ಮೊಟ್ಟೆ ಸುರಿದಿದ್ದಾರೋ ಎಂದು ತಪಾಸಣೆಗಾಗಿ (ರುಚಿಗಲ್ಲ) ಬಗ್ಗಿ ನನ್ನ ಫೋರ್ಕಿನಿಂದ ಒಂದು ಬಾಯಿ ತಿಂದೆ. ಧಾರಾಳವಾಗಿ ಸುರಿದಿದ್ದರು. ಖಾತ್ರಿಗಾಗಿ ಇನ್ನೊಂದು ಬಾಯಿ ತಿಂದೆ.

ಅಷ್ಟರಲ್ಲಿ ಮಗಳ ತಟ್ಟೆ ಹಬೆಯಾಡುತ್ತ ಬಂತು. ನಾಲಿಗೆ ಸುಟ್ಟೀತು ಕಂದನದು. ಒಂದು ತುಂಡು ಚುಚ್ಚಿ, ಉಫ್ ಉಫ್ ಎಂದು ಊದಿ, ಬಾಯಿಯ ಹತ್ತಿರ ಒಯ್ದೆ. ಅವಳು ಗುಬ್ಬಿಮರಿಯ ಹಾಗೆ ಬಾಯಿ ತೆರೆದಳು.

ಯಜಮಾನರು ಮೇಜಿನ ಮೇಲೆ ಬಿದ್ದು ನನ್ನ ಮಣಿಕಟ್ಟು ಹಿಡಿದರು.

"ಬಿಡ್ರೀ, ಜನ ನೋಡ್ತಾರೆ."

"ಫೋರ್ಕ್ ನೋಡೇ."

ನೋಡಿದೆ. ಹಲ್ಲುಗಳ ಸಂದಿಯಲ್ಲಿ ಹಳದಿ ಹೊಳೆಯುತ್ತಿತ್ತು. ಮಗಳು ಇನ್ನೂ ಬಾಯಿ ತೆರೆದೇ ಇದ್ದಳು. "ಅಮ್ಮ, ಊದಿದ್ದು ಸಾಕು."

ತಟ್ಟೆಯನ್ನೇ ಎಳೆದುಕೊಂಡು ಅಡುಗೆಮನೆಯ ಬಾಗಿಲಿಗೆ ಓಡಿದೆ. "ಇನ್ನೊಂದು ಮಾಡಿಕೊಡಿ. ಇದಕ್ಕೆ ಮೊಟ್ಟೆ ತಾಗಿದೆ."

ಅಡುಗೆಯವರ ಮುಖ ಸುಣ್ಣವಾಯಿತು. "ನನ್ನ ಕೈಯಿಂದ ಆಗಿಲ್ಲಮ್ಮ."

"ಇಲ್ಲ," ಎಂದೆ. ಯಾರ ಕೈಯಿಂದ ಎಂಬುದನ್ನು ಮಾತ್ರ ನುಂಗಿಕೊಂಡೆ.

ವಾಪಸು ಬಂದಾಗ ಮಗಳು ತಟ್ಟೆ ಹೋಯಿತೆಂದು ಬಿಕ್ಕುತ್ತಿದ್ದಳು. ತಬ್ಬಿ ಮುತ್ತು ಕೊಡಲು ಬಗ್ಗಿದೆ. ನಡುವೆ ಯಜಮಾನರ ಅಂಗೈ ಬಂತು.

"ಕೈ?"

"ಈಗ ತೊಳೀತೀನಿ."

"ಬಾಯಿ?"

ಮುಕ್ಕಳಿಸಲು ಎದ್ದೆ. ಹಿಂದಿನಿಂದ ಕೇಳಿಸಿತು: "ಸೆರಗಿಗೂ ತಾಗಿದೆಯಾ ನೋಡ್ಕೋ."

ತಾಗಿತ್ತು.