ಮಾಡಿ ಆಮೇಲೆ ಹೇಳುವ ಇಂಗ್ಲಿಷು

ಇಂಗ್ಲಿಷ್ ಕಲಿಸುವವನ ಮನೆಯಲ್ಲಿ ನಗುವಿಗೆ ಬರಗಾಲವಿಲ್ಲ. ಬಳ್ಳಾರಿಯಲ್ಲಿ ನಾನು ಕಚೇರಿಯ ಗುಮಾಸ್ತರಿಗೆ ಬೆಳಗಿನ ಹೊತ್ತು ಪಾಠ ಹೇಳುತ್ತಿದ್ದೆ. ಭೂತಕಾಲ ಮಾತ್ರ ಅವರ ತಲೆಗೆ ಹತ್ತಲೊಲ್ಲದು. ಕೊನೆಗೆ ಒಂದು ಉಪಾಯ ಹೂಡಿದೆ: ಕೆಲಸ ಮೊದಲು ಮಾಡಬೇಕು, ಆಮೇಲೆ ಅದನ್ನು ಇಂಗ್ಲಿಷಿನಲ್ಲಿ ಹೇಳಬೇಕು. ಮಾಡದೆ ಹೇಳಿದರೆ ಅದು ಸುಳ್ಳು. ಈ ಉಪಾಯದ ಬಗ್ಗೆ ನನಗೆ ಬಹಳ ಜಂಬವಿತ್ತು.

೧. ಕೈ ತೊಳೆದದ್ದು

ಮೊದಲ ದಿನದ ವಾಕ್ಯ, "ನಾನು ಕೈ ತೊಳೆದೆ." ಎಂಟು ಗುಮಾಸ್ತರು ಸಾಲಾಗಿ ಹಿತ್ತಲಿಗೆ ಹೋಗಿ ಕೈ ತೊಳೆದು ಬಂದು, "ಐ ವಾಶ್ಡ್ ಮೈ ಹ್ಯಾಂಡ್ಸ್" ಎಂದರು. ಉಚ್ಚಾರ ಸರಿಯಿಲ್ಲವೆಂದು ನಾಲ್ಕು ಸಲ ಕಳಿಸಿದೆ. ಬಳ್ಳಾರಿಯ ಬೇಸಿಗೆ ಬೇರೆ, ಹಂಡೆ ಬರಿದಾಯಿತು. ನನ್ನ ಹೆಂಡತಿ ಬಾಗಿಲ ಮರೆಯಿಂದ, "ಇಂಗ್ಲಿಷ್ ಕಲಿಸ್ರಿ, ಬ್ಯಾಡ ಅನ್ನಂಗಿಲ್ಲ. ನೀರು ಹೊರೋದನ್ನೂ ಪಾಠದಾಗ ಸೇರಿಸ್ರಿ" ಎಂದಳು.

ಮರುದಿನವೇ ಸೇರಿಸಿದೆ. ಎಂಟು ಕೊಡ ನೀರು ಬಂತು. ಮನೆಯಲ್ಲಿ ನನ್ನ ಮರ್ಯಾದೆಯೂ ಸ್ವಲ್ಪ ಹೆಚ್ಚಿತು.

೨. ಗುಡ್ಡ ಹತ್ತಿದ್ದು

ಎಂಟು ಜನರಲ್ಲಿ ಹಿರಿಯರು ಸಿರುಗುಪ್ಪದ ಒಬ್ಬ ವೈಷ್ಣವ ಗುಮಾಸ್ತರು. ಆ ವರ್ಷ ಇಂಗ್ಲಿಷ್ ಪರೀಕ್ಷೆ ಪಾಸಾಗದಿದ್ದರೆ ಅವರ ನೌಕರಿ ಹೋಗುವುದಿತ್ತು. ಮನೆಯಲ್ಲಿ ಮದುವೆಗೆ ಬಂದ ಮಗಳು. ಅವರನ್ನು ಕಂಡರೆ ನನಗೆ ಪಾಪ ಎನಿಸುತ್ತಿತ್ತು.

"ನಾನು ಗುಡ್ಡ ಹತ್ತಿದೆ" ಎಂಬ ವಾಕ್ಯ ಕೊಟ್ಟ ದಿನ ಹೋದವರು ಮೂರು ದಿನ ಪತ್ತೆಯಿಲ್ಲ. ನಾಲ್ಕನೆಯ ದಿನ ಕುಂಟುತ್ತ ಬಂದರು.

"ಎಲ್ಲಿಗೆ ಹೋಗಿದ್ರಿ?"

"ಕುರುಗೋಡಿಗ್ರಿ. ಇಲ್ಲಿ ಕ್ವಾಟಿ ಗುಡ್ಡದ ಮ್ಯಾಲೆ ಪಾರಾ ಕಾಯೋ ಸಿಪಾಯಿಗಳು ಬಿಡ್ಲಿಲ್ಲ. ಅಲ್ಲಿ ಹತ್ತಿ ಬಂದೀನ್ರಿ." ಹಾಗೆಂದು ನೆಟ್ಟಗೆ ನಿಂತು, "ಐ ಕ್ಲೈಮ್ಡ್ ದ ಹಿಲ್" ಎಂದರು. ಆಮೇಲೆ ಮೊಣಕಾಲು ನೀವಿಕೊಳ್ಳುತ್ತ, "ನಾಕು ಮಾತಿಗೆ ಮೂರು ದಿನ ಹಿಡೀತ್ರಿ. ಬಾಳ ಕಠಿಣ ಭಾಷಿ ಐತಿ" ಎಂದರು.

೩. ಕಾಗದ ಹರಿದದ್ದು

ಪರೀಕ್ಷೆ ನಡೆದದ್ದು ಸಿರುಗುಪ್ಪದಲ್ಲಿ, ಪರೀಕ್ಷೆ ಮಾಡಲು ಬಂದ ಇಂಗ್ಲಿಷ್ ದೊರೆಯ ಡೇರೆಯೊಳಗೆ. ನಾನು ಬಾಗಿಲಲ್ಲೇ ನಿಂತಿದ್ದೆ. ದೊರೆ ಪುಸ್ತಕ ನೋಡಿ ಕನ್ನಡದಲ್ಲಿ ವಾಕ್ಯ ಓದುವುದು, ನಮ್ಮ ಹಿರಿಯ ಗುಮಾಸ್ತರು ಇಂಗ್ಲಿಷಿನಲ್ಲಿ ಹೇಳುವುದು. "ಕೂತೆ" ಎಂದರೆ ಕೂತು ಹೇಳಿದರು, "ಎದ್ದೆ" ಎಂದರೆ ಎದ್ದು ಹೇಳಿದರು. ಇದು ಈ ಸೀಮೆಯ ವಿನಯವೆಂದು ದೊರೆ ತಿಳಿದಿರಬೇಕು. ಒಂಬತ್ತು ವಾಕ್ಯ ಸರಿಯಾದವು. ದೊರೆ ಸಂತೋಷದಿಂದ ಪಾಸಾದ ಕಾಗದಕ್ಕೆ ರುಜು ಹಾಕಿ ಮೇಜಿನ ಮೇಲಿಟ್ಟು, ಹತ್ತನೆಯದನ್ನು ಓದಿದರು.

"ನಾನು ಕಾಗದ ಹರಿದೆ."

ಮೇಜಿನ ಮೇಲೆ ಇದ್ದದ್ದು ಒಂದೇ ಕಾಗದ. ನಮ್ಮವರು ಅದನ್ನು ನೋಡಿದರು, ಬೆವರಿದರು. ನಾನು ದೂರದಿಂದಲೇ ಬೇಡವೆಂದು ತಲೆ ಅಲ್ಲಾಡಿಸಿದೆ. ಅವರು ಕಣ್ಣು ಮುಚ್ಚಿ ಅದನ್ನು ಪರ್‍ರನೆ ಎರಡು ತುಂಡು ಮಾಡಿ, "ಐ ಟೋರ್ ದ ಪೇಪರ್" ಎಂದರು.

ದೊರೆಯ ಮುಖ ಕೆಂಪಾಯಿತು. "ಯಾಕೆ ಹರಿದೆ?"

"ಹರೀಲಾರ್ದ ಹರಿದೆ ಅಂತ ಹೆಂಗ ಹೇಳ್ಲಿ ದೊರೆ? ನೌಕರಿ ಹೋದ್ರೂ ಸುಳ್ಳು ಹೇಳಾಕ ಆಗಂಗಿಲ್ಲ."

ದೊರೆ ಆ ಮಾತಿಗೆ ಮೆಚ್ಚಿ ತಲೆದೂಗಿದರು. ಪೆಟ್ಟಿಗೆಯಿಂದ ಇನ್ನೊಂದು ಕಾಗದ ತೆಗೆದುಕೊಂಡು, ಬರೆಯುವ ಮುಂಚೆ ಪುಸ್ತಕದ ಮುಂದಿನ ವಾಕ್ಯದ ಮೇಲೆ ಕಣ್ಣಾಡಿಸಿದರು. ನಮ್ಮ ಪಾಠದ ಪುಸ್ತಕವೂ ಅದೇ; ಅಲ್ಲಿ "ನಾನು ಅವನ ಕೆನ್ನೆಗೆ ಹೊಡೆದೆ" ಎಂದಿತ್ತು. ಪುಸ್ತಕ ಮುಚ್ಚಿದರು. ಕುರ್ಚಿಯನ್ನು ಒಂದು ಮೊಳ ಹಿಂದಕ್ಕೆ ಸರಿಸಿಕೊಂಡು ಅವಸರವಾಗಿ ರುಜು ಹಾಕಿದರು.

ನಮ್ಮವರು ಕೈಮುಗಿದು ಒಂದು ಹೆಜ್ಜೆ ಮುಂದೆ ಬಂದು ಅಂದರು: "ಮುಂದಿನದನ್ನೂ ಕಲ್ತೀನ್ರಿ ದೊರೆ. ಕೇಳ್ರಿ."