ಇನಾಸನಿಗೆ ಖುರಾಕು

ದೇವರು ಎಲ್ಲವನ್ನೂ ಅಳೆದು ತೂಗಿ ಕೊಡುತ್ತಾನೆ ಎನ್ನುವವರು ಒಮ್ಮೆ ನಮ್ಮ ಕಾಲೇಜಿನ ಸ್ಟಾಫ್ ರೂಮಿಗೆ ಬಂದು ನೋಡಬೇಕು. ಅಳೆಯುವ ಕೆಲಸವನ್ನು ಆತನೇ ಮಾಡುತ್ತಿರಬಹುದು, ತೂಗುವುದನ್ನು ಮಾತ್ರ ಯಾರೋ ಅನನುಭವಿಗಳಿಗೆ ವಹಿಸಿದ್ದಾನೆ. ನಾನು ಹಳಿಯಾಳದಲ್ಲಿ ಅರ್ಥಶಾಸ್ತ್ರ ಕಲಿಸುವವಳು. ಹಂಚಿಕೆಯ ಅಸಮಾನತೆಯ ಬಗ್ಗೆ ಪ್ರತಿ ವರ್ಷ ಪಾಠ ಮಾಡುತ್ತೇನೆ, ಉದಾಹರಣೆಗಾಗಿ ಮೇಜಿನಿಂದಾಚೆ ಹೋಗಬೇಕಾಗಿಲ್ಲ. ಕೆಲವರು ಊಟಕ್ಕೆ ಕೂತರೆ ಬುಟ್ಟಿಯ ರೊಟ್ಟಿ ಖಾಲಿ ಮಾಡಿ ಎದ್ದರೂ ಎಲುಬು ತೋರಿಸಿಕೊಂಡು ಓಡಾಡುತ್ತಾರೆ. ನನಗೆ ಪಕ್ಕದ ಮನೆಯ ಒಗ್ಗರಣೆಯ ವಾಸನೆ ಬಂದರೂ ಮೈಗೆ ಹತ್ತುತ್ತದೆ. ನಮ್ಮ ಬಚ್ಚಲುಮನೆಯ ಬಾಗಿಲ ಹಿಂದೆ ಮುಳ್ಳಿನ ತೂಕದ ಯಂತ್ರವೊಂದಿದೆ. ಅದರ ಕೆಳಗೆ ಒಂದು ಸಣ್ಣ ತಿರುಗಣಿ. ಯಾವುದೋ ಒಂದು ಬೇಸರದ ದಿನ ಅದನ್ನು ತುಸು ತಿರುಗಿಸಿ ಮುಳ್ಳು ಸೊನ್ನೆಗಿಂತ ಸ್ವಲ್ಪ ಹಿಂದೆ ನಿಲ್ಲುವಂತೆ ಮಾಡಿದ್ದೆ. ಮನೆಯ ಗಡಿಯಾರವನ್ನು ಹತ್ತು ನಿಮಿಷ ಮುಂದಿಟ್ಟುಕೊಂಡು ನೆಮ್ಮದಿಯಿಂದ ಇರುವವರಿಲ್ಲವೇ, ಇದೂ ಹಾಗೆಯೇ. ಆಮೇಲೆ ಇನ್ನೆರಡು ಬೇಸರದ ದಿನಗಳೂ ಬಂದವು. ಒಟ್ಟು ಎಷ್ಟು ತಿರುಗಿಸಿದ್ದೇನೆ ಎನ್ನುವುದು ಕ್ರಮೇಣ ಮರೆತುಹೋಯಿತು.

ಇಂಥ ನನ್ನನ್ನು ಕರೆದು ಇನ್ನೊಬ್ಬರ ಮೈಕಟ್ಟಿನ ಬಗ್ಗೆ ಅಭಿಪ್ರಾಯ ಕೇಳಿದರೆ ಹೇಗಿರಬೇಡ! ಕೇಳಿದ್ದು ನಮ್ಮ ಪ್ರಿನ್ಸಿಪಾಲರು. ಕಾಲೇಜಿನಲ್ಲಿ ದೈಹಿಕ ಶಿಕ್ಷಣದ ಹುದ್ದೆ ಖಾಲಿ ಬಿದ್ದಾಗ ಕ್ರೀಡಾ ವಿಭಾಗವನ್ನು ಯಾರ ಕೊರಳಿಗಾದರೂ ಕಟ್ಟಬೇಕಿತ್ತು. ಅಂದು ರಜೆಯಲ್ಲಿದ್ದವಳು ನಾನೊಬ್ಬಳೇ. ಬರೀ ಸಹಿ ಮಾಡುವ ಕೆಲಸ ಎಂದು ಅವರು ಭರವಸೆ ಕೊಟ್ಟಿದ್ದರು. ಹೀಗಿರುವಾಗ, ಟಿವಿಯಲ್ಲಿ ಬರುವಂಥ ವೃತ್ತಿಪರ ಕಬಡ್ಡಿ ತಂಡವೊಂದು ತಾಲೀಮಿನ ನೆಪದಲ್ಲಿ ನೀರಾಟ ಆಡಲು ದಾಂಡೇಲಿಯ ರೆಸಾರ್ಟಿಗೆ ಬರುವುದಿದೆಯೆಂದೂ, ಅಲ್ಲಿಯೇ ಸುತ್ತಲಿನ ಕಾಲೇಜು ಹುಡುಗರನ್ನು ನೋಡಿ ಒಬ್ಬಿಬ್ಬರನ್ನು ಆರಿಸುತ್ತಾರೆಂದೂ ಸುದ್ದಿ ಬಂತು. ಕಳಿಸುವ ಆಟಗಾರನ ಭವಿಷ್ಯದ ಬಗ್ಗೆ ಕ್ರೀಡಾ ಮುಖ್ಯಸ್ಥರು ಒಂದು ಪುಟ ಬರೆದುಕೊಡಬೇಕಂತೆ. ಆ ಆಟಗಾರ ಇನಾಸ ಸಿದ್ದಿ, ಬಿ.ಎ. ಕೊನೆಯ ವರ್ಷ, ಸಾಂಬ್ರಾಣಿಯಿಂದಾಚೆ ಕಾಡಂಚಿನ ಹಳ್ಳಿಯವನು.

ಹಾಜರಿ ಪುಸ್ತಕದಲ್ಲಿ ಅವನ ಹೆಸರನ್ನು ಮೊದಲ ಸಲ ಓದಿದಾಗ ನಾನು ತಲೆ ಎತ್ತಿ ಹಿಂದಿನ ಬೆಂಚಿನಲ್ಲಿ ಯಾರೋ ಆಜಾನುಬಾಹುವನ್ನು ಹುಡುಕಿದ್ದೆ. ಆಫ್ರಿಕಾ ಮೂಲದ ಸಿದ್ದಿ ಜನ ಎಂದರೆ ಓಟ, ಎತ್ತರ, ಬಲ ಎಂದು ನಮ್ಮ ತಲೆಯಲ್ಲಿ ಯಾರು ತುಂಬಿದ್ದಾರೋ ಕಾಣೆ. ಉತ್ತರ ಬಂದದ್ದು ಮುಂದಿನ ಬೆಂಚಿನಿಂದ. ನನ್ನ ಭುಜಕ್ಕೆ ಬರುವ, ಇಸ್ತ್ರಿ ಮಾಡಿದ ಅಂಗಿಯೊಳಗೆ ಎಲ್ಲೋ ಇದ್ದಿರಬಹುದಾದ ಹುಡುಗ. ಇವನು ಆಡುವುದು ಎದುರಾಳಿಯನ್ನು ಹಿಡಿದು ನಿಲ್ಲಿಸುವ ಜಾಗದಲ್ಲಿ, ಅದರಲ್ಲೂ ಅಂಕಣದ ಮೂಲೆಯಲ್ಲಿ. ದಾಳಿಗೆ ಬಂದವನ ಕಾಲು ಹಿಡಿಯುವುದು ಇವನ ಕೆಲಸ. ಹಿಡಿದದ್ದನ್ನು ಬಿಟ್ಟ ಉದಾಹರಣೆ ಇಲ್ಲ ಎಂದು ಅವನ ಜೊತೆಗಾರರು ಹೇಳುತ್ತಿದ್ದರು. ಆದರೆ ಆ ತಂಡದ ಷರತ್ತು ಸ್ಪಷ್ಟವಾಗಿತ್ತು. ಅರವತ್ತೈದು ಕೆ.ಜಿ.ಗಿಂತ ಕಡಿಮೆ ಇದ್ದವರನ್ನು ಮ್ಯಾಟಿನ ಮೇಲೆ ಇಳಿಸುವುದೇ ಇಲ್ಲ. ಇನಾಸ ಅರವತ್ತನ್ನೂ ಮುಟ್ಟಿರಲಿಲ್ಲ.

ಮುಟ್ಟದಿರುವುದಕ್ಕೆ ಕಾರಣ ಬಡತನವೆಂದು ನಾನು ಮರುಗಿದ್ದೆ. ಆಮೇಲೆ ಗೊತ್ತಾಯಿತು, ಕಾರಣ ಕಬಡ್ಡಿಯೇ. ನಮ್ಮ ಕಡೆಯ ಹಳ್ಳಿಗಳಲ್ಲಿ ಪಂದ್ಯ ನಡೆಯುವುದು ತೂಕದ ಲೆಕ್ಕದಲ್ಲಿ. ಅರವತ್ತು ಕೆ.ಜಿ. ಒಳಗಿನವರ ಪಂದ್ಯವೆಂದು ಫಲಕ ಹಚ್ಚುತ್ತಾರೆ. ಆಟದ ದಿನ ಬೆಳಿಗ್ಗೆ ಗುಡಿಯ ಕಟ್ಟೆಯ ಮೇಲೆ ತಕ್ಕಡಿ ಇಟ್ಟು ಹುಡುಗರನ್ನು ಒಬ್ಬೊಬ್ಬರನ್ನಾಗಿ ಹತ್ತಿಸುತ್ತಾರೆ. ಮುಳ್ಳು ಅರವತ್ತು ದಾಟಿತೋ, ಆಟ ಮುಗಿಯಿತು. ಆದ್ದರಿಂದ ಹಿಂದಿನ ದಿನದಿಂದಲೇ ಉಪವಾಸ. ಬೆಳಿಗ್ಗೆ ಎದ್ದು ಎರಡು ಸ್ವೆಟರು ಹಾಕಿಕೊಂಡು ಬಿಸಿಲಲ್ಲಿ ಓಟ, ಬಾಯಲ್ಲಿ ಹುಣಸೆಹಣ್ಣಿಟ್ಟು ಉಗುಳುವುದು, ಕೊನೆಗೆ ತಕ್ಕಡಿಯ ಪಕ್ಕದಲ್ಲೇ ಕ್ಷೌರ. ಇನಾಸ ಹೈಸ್ಕೂಲಿನಿಂದ ಹೀಗೆಯೇ ಬೆಳೆದವನು, ಅಂದರೆ ಬೆಳೆಯದೆ ಉಳಿದವನು. ಅವನ ಊರಿನ ತಂಡದವರು ಅವನು ಎರಡನೇ ರೊಟ್ಟಿಗೆ ಕೈಹಾಕಿದರೆ ಕೈ ಹಿಡಿಯುತ್ತಿದ್ದರಂತೆ. ಇವರೆಲ್ಲ ಇಷ್ಟು ವರ್ಷ ನನಗೆ ಯಾಕೆ ಸಿಗಲಿಲ್ಲವೋ.

ಈ ಆಯ್ಕೆಗೆ ವಯಸ್ಸಿನ ಮಿತಿಯಿತ್ತು, ಇನಾಸನಿಗೆ ಇದೇ ಕೊನೆಯ ವರ್ಷ. ಆಗದಿದ್ದರೆ ಏನು ಮಾಡುತ್ತೀ ಎಂದು ಕೇಳಿದೆ. ಅವನು ನೆಲ ನೋಡುತ್ತ, "ಆಗಲಿಲ್ಲಂದ್ರ ಕಬಡ್ಡಿ ಬಿಟ್ಟಬಿಡ್ತೇನ್ರಿ ಮೇಡಮ್. ಅವ್ವಗ ಮಾತ ಕೊಟ್ಟೇನಿ" ಎಂದ. ಇಷ್ಟು ಸಣ್ಣ ದನಿಯಲ್ಲಿ ಇಷ್ಟು ದೊಡ್ಡದನ್ನು ಹೇಳಿದವರನ್ನು ನಾನು ನೋಡಿರಲಿಲ್ಲ. ಅವತ್ತೇ ತೀರ್ಮಾನಿಸಿದೆ, ಇವನನ್ನು ಅರವತ್ತೈದು ದಾಟಿಸಿಯೇ ಸೈ. ತೂಕ ಏರಿಸುವ ವಿದ್ಯೆಯಲ್ಲಿ ನನಗಿಂತ ಅನುಭವಸ್ಥರು ತಾಲೂಕಿನಲ್ಲಿ ಇರಲಿಕ್ಕಿಲ್ಲ.

ಆದರೂ ಇದು ಕುಸ್ತಿಯ ಊರು. ಮನೆಗೊಬ್ಬ ಪೈಲವಾನ, ಗಲ್ಲಿಗೊಬ್ಬ ಪರೀಕ್ಷಕ. ಇಲ್ಲಿ ಮದುವೆಗೆ ಗಂಡು ನೋಡಲು ಬಂದವರೂ ಮೊದಲು ರಟ್ಟೆ ಮುಟ್ಟಿ ನೋಡುತ್ತಾರೆಂದು ನನ್ನ ಗುಮಾನಿ. ನಮ್ಮ ಎದುರು ಮನೆಯ ಮಾರುತಿ ಪೈಲವಾನರು ವಯಸ್ಸಾದ ಮೇಲೂ ದಿನಾ ಗರಡಿಮನೆಗೆ ಹೋಗಿ ಮಣ್ಣು ಮುಟ್ಟಿ ಬರುವವರು. ಇನಾಸನನ್ನು ಅವರ ಅಂಗಳದಲ್ಲಿ ನಿಲ್ಲಿಸಿದಾಗ ಅವನ ಕತ್ತು, ರಟ್ಟೆ, ತೊಡೆ ಎಲ್ಲ ಒತ್ತಿ ನೋಡಿ ದೀರ್ಘ ಉಸಿರುಬಿಟ್ಟರು. "ಅಕ್ಕೋರ, ಪೋರನ ಕಣ್ಣಾಗ ಆಟ ಐತಿ. ಮೈಯಾಗ ಏನೂ ಇಲ್ಲ. ಖುರಾಕು ಬೇಕು" ಎಂದರು. ಖುರಾಕು ಎಂದರೆ ಪೈಲವಾನರ ಆಹಾರ. ರಾತ್ರಿ ನೆನೆಸಿ ಅರೆದ ಬಾದಾಮಿ, ಎಮ್ಮೆ ಹಾಲು, ತುಪ್ಪ, ಬಾಳೆಹಣ್ಣು, ಮೇಲೆ ಮತ್ತೆ ತುಪ್ಪ. ಇದನ್ನು ಇನಾಸ ದಿನವೂ ಸಂಜೆ ಆಟ ಮುಗಿಸಿ ನಮ್ಮ ಮನೆಗೆ ಬಂದು ಸೇವಿಸಬೇಕೆಂದೂ, ಹದಿನೈದು ದಿನಕ್ಕೊಮ್ಮೆ ಪೇಟೆಯ ಅಡತಿ ಅಂಗಡಿಯಲ್ಲಿ, ಅಕ್ಕಿ ಮೂಟೆ ತೂಗುವ ತಕ್ಕಡಿಯ ಮೇಲೆ ಹತ್ತಬೇಕೆಂದೂ ಅಪ್ಪಣೆಯಾಯಿತು. ನಮ್ಮ ಮನೆಯ ಯಂತ್ರ ಸಾಲದೇ ಎಂದು ನಮ್ಮ ಯಜಮಾನರು ಕೇಳಿದರು. ನಾನು ಮಾತು ತಪ್ಪಿಸಿ ಬಾದಾಮಿ ತರಲು ಕಳಿಸಿದೆ.

ಮೊದಲ ಸಂಜೆಯೇ ತೊಡಕು ಗೊತ್ತಾಯಿತು. ವರ್ಷಗಟ್ಟಲೆ ಬೇಡ ಬೇಡ ಎಂದು ಕಲಿತ ಹೊಟ್ಟೆ ಒಂದೇ ದಿನದಲ್ಲಿ ಬೇಕು ಎನ್ನುತ್ತದೆಯೇ? ಇನಾಸ ಅರ್ಧ ಲೋಟ ಹಾಲು ಕುಡಿದು, ಒಂದು ಚಪಾತಿ ಮುರಿದು, "ಸಾಕ್ರಿ ಮೇಡಮ್" ಎಂದು ಎರಡೂ ಕೈ ತಟ್ಟೆಗೆ ಅಡ್ಡ ಇಟ್ಟುಬಿಡುತ್ತಿದ್ದ. ಮೂಲೆಯಲ್ಲಿ ಆಡುವವನ ಕೈ, ಸಂದಿಯಲ್ಲಿ ಒಂದು ಚಮಚವೂ ತೂರುತ್ತಿರಲಿಲ್ಲ. ಉಳಿದದ್ದನ್ನು ಚೆಲ್ಲುವುದೆಂದರೆ ನನ್ನ ಕೈ ಬರುವುದಿಲ್ಲ. ಅನ್ನ ಚೆಲ್ಲಿದರೆ ಮುಂದಿನ ಜನ್ಮದಲ್ಲಿ ಕೋಳಿಯಾಗಿ ಹುಟ್ಟಿ ಆ ಅಗುಳನ್ನೆಲ್ಲ ಹೆಕ್ಕಬೇಕಾಗುತ್ತದೆ ಎಂದು ನಮ್ಮಜ್ಜಿ ಹೆದರಿಸಿದ್ದಳು. ಬಾದಾಮಿಯಂತೂ ಕೋಳಿಗೆ ಎಲ್ಲಿ ಸಿಗಬೇಕು? ಹೀಗಾಗಿ ಕೋಳಿಯಾಗುವುದನ್ನು ತಪ್ಪಿಸಿಕೊಳ್ಳುವ ಏಕೈಕ ಉದ್ದೇಶದಿಂದ ನಾನು ಉಳಿದ ಖುರಾಕನ್ನು ಮುಗಿಸುತ್ತಿದ್ದೆ. ಯಜಮಾನರು ಬಾಗಿಲಲ್ಲಿ ನಿಂತು, ಆಯ್ಕೆಗೆ ಇಬ್ಬರನ್ನೂ ಕಳಿಸುತ್ತಾರೇನು ಎಂದು ಕೇಳಿದರು. ಆದರೂ ಹುಡುಗ ನಿಧಾನವಾಗಿ ಅರ್ಧ ಲೋಟದಿಂದ ಒಂದಕ್ಕೆ, ಒಂದು ಚಪಾತಿಯಿಂದ ಮೂರಕ್ಕೆ ಬಂದ. ಆಯ್ಕೆಯ ಹಿಂದಿನ ಸಂಜೆ ಅಡತಿ ಅಂಗಡಿಯ ತಕ್ಕಡಿ ಅವನಿಗೆ ಅರವತ್ತೈದರ ಮೇಲೆ ಒಂದಿಷ್ಟನ್ನು ತೋರಿಸಿತು. ಪೈಲವಾನರು ಅವನ ಬೆನ್ನಿಗೆ ಹೊಡೆದ ಗುದ್ದಿಗೆ ಅದರಲ್ಲಿ ಸ್ವಲ್ಪ ಉದುರಿತೇನೋ ಎಂದು ನನಗೆ ಭಯವಾಯಿತು.

ಮರುದಿನ ನಾವಿಬ್ಬರೂ ಮೊದಲ ಬಸ್ಸಿಗೆ ದಾಂಡೇಲಿಗೆ ಹೋದೆವು. ನಾನು ಬರೆದ ಅಭಿಪ್ರಾಯವನ್ನು ತಂಡದ ಆಯ್ಕೆಗಾರರ ಕೈಗೆ ಕೊಟ್ಟೆ. ಅವರ ಕೊರಳಲ್ಲಿ ಸೀಟಿ, ತಲೆಗೆ ಟೊಪ್ಪಿಗೆ, ಬೆಳಗಾವಿ ಕಡೆಯ ಮಾತು. ಕಬಡ್ಡಿ ಗೊತ್ತಿಲ್ಲದ ನಾನು ಗೊತ್ತಿರುವ ಅರ್ಥಶಾಸ್ತ್ರದಲ್ಲಿಯೇ ಬರೆದಿದ್ದೆ. ಸೀಮಿತ ಸಂಪನ್ಮೂಲದ ಗರಿಷ್ಠ ಬಳಕೆ, ದೀರ್ಘಾವಧಿಯಲ್ಲಿ ವೃದ್ಧಿಯ ಸಾಧ್ಯತೆ ಇತ್ಯಾದಿ. ಅವರು ಓದಿ, ಇದು ಹುಡುಗನ ಬಗ್ಗೆಯೋ ಸೂಪಾ ಅಣೆಕಟ್ಟಿನ ಬಗ್ಗೆಯೋ ಎಂದು ವಿನಯದಿಂದ ವಿಚಾರಿಸಿದರು. ಆಮೇಲೆ, ಸಿದ್ದಿ ಹುಡುಗ ಎಂದು ಬರೆದಿದ್ದರಿಂದ ದೊಡ್ಡ ಆಳು ಬರುತ್ತಾನೆಂದುಕೊಂಡಿದ್ದೆವು ಎಂದು ಇನಾಸನನ್ನು ಮೇಲಿನಿಂದ ಕೆಳಗೆ ನೋಡಿದರು. ಆ ನೋಟಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಇನಾಸ ನಕ್ಕು, "ನಮ್ಮೊಳಗೂ ಎಲ್ಲಾ ಸೈಜಿನವ್ರು ಅದಾರ್ರಿ ಸರ್" ಎಂದ. ಮೊದಲ ದಿನ ಹಿಂದಿನ ಬೆಂಚು ಹುಡುಕಿದ್ದ ನಾನು ಚೀಲದಲ್ಲಿ ಏನನ್ನೋ ಹುಡುಕುವವಳಂತೆ ತಲೆ ತಗ್ಗಿಸಿದೆ.

ಇನ್ನು ಅರ್ಧ ತಾಸಿನಲ್ಲಿ ತೂಕ ಎಂದು ಹೇಳಿದರು. ಚಹಾ ಕುಡಿದು ಬರುವಷ್ಟರಲ್ಲಿ ಇನಾಸ ಕಾಣೆ. ಹುಡುಕುತ್ತ ಮೈದಾನದ ಹಿಂಭಾಗಕ್ಕೆ ಹೋದರೆ, ಎರಡು ಸ್ವೆಟರು, ಮೇಲೊಂದು ಮಳೆಕೋಟು ಹಾಕಿಕೊಂಡು ಹುಡುಗ ಓಡುತ್ತಿದ್ದಾನೆ. ಮುಖದಿಂದ ಬೆವರು ಧಾರೆಯಾಗಿ ಇಳಿಯುತ್ತಿದೆ. ಒಂದು ಕ್ಷಣ ನಿಂತು ಉಗುಳಿ ಮತ್ತೆ ಓಡಿದ. ನಾನು ಸೀರೆ ಎತ್ತಿಕಟ್ಟಿ ಅಡ್ಡ ಹೋಗಿ ನಿಲ್ಲಿಸಿದೆ. "ತೂಕ ಅಂದ್ರಲ್ರೀ ಮೇಡಮ್" ಎಂದ. ಹೇಳುತ್ತಿದ್ದಂತೆ ಅವನಿಗೇ ಅರಿವಾಗಿ ಮಳೆಕೋಟಿನ ಗುಂಡಿ ಬಿಚ್ಚತೊಡಗಿದ. ತಕ್ಕಡಿ ಕಂಡರೆ ಓಡಬೇಕೆಂದು ಕಾಲಿಗೆ ಕಲಿಸಿದ್ದರು, ಕಾಲು ಓಡಿತ್ತು, ಪಾಪ. ಬೆಳಿಗ್ಗೆ ಅವನ ಅವ್ವ ಕಟ್ಟಿಕೊಟ್ಟ ರೊಟ್ಟಿಯನ್ನೂ ಬಿಚ್ಚಿರಲಿಲ್ಲ. ನನ್ನ ಬಾದಾಮಿ, ಎಮ್ಮೆ ಹಾಲು, ತುಪ್ಪ ಎಲ್ಲ ದಾಂಡೇಲಿಯ ಹುಲ್ಲಿನ ಮೇಲೆ ಹನಿಯುತ್ತಿತ್ತು. ಅಳುವುದೋ ಹೊಡೆಯುವುದೋ ತಿಳಿಯದೆ ಎರಡು ಬಾಳೆಹಣ್ಣು ಅವನ ಬಾಯಿಗೆ ತುರುಕಿದೆ. ಅಷ್ಟರಲ್ಲಿ ಹೆಸರು ಕರೆದರು.

ಅಂಕೆ ಹೊಳೆಯುವ ಹೊಸ ನಮೂನೆಯ ಯಂತ್ರ. ಅರವತ್ನಾಲ್ಕು ಚಿಲ್ಲರೆ ತೋರಿಸಿತು. ಆಯ್ಕೆಗಾರರು ಮುಂದಿನ ಹೆಸರು ಕರೆಯಲು ಬಾಯಿ ತೆರೆದರು. ಇನಾಸ ಕೆಳಗಿಳಿದು ಚಪ್ಪಲಿ ಹಾಕಿಕೊಳ್ಳತೊಡಗಿದ. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ನಿಮ್ಮ ಯಂತ್ರ ಸರಿಯಿಲ್ಲ, ಕಡಿಮೆ ತೋರಿಸುತ್ತದೆ ಎಂದು ಕ್ಲಾಸಿನಲ್ಲಿ ಕೊನೆಯ ಬೆಂಚಿಗೆ ಕೇಳಿಸುವ ದನಿಯಲ್ಲಿ ಹೇಳಿಬಿಟ್ಟೆ. ಆಯ್ಕೆಗಾರರು ಶಾಂತವಾಗಿ, ಇಲ್ಲಿ ತಮ್ಮ ತೂಕ ಖಚಿತವಾಗಿ ಗೊತ್ತಿರುವವರು ಯಾರಾದರೂ ಹತ್ತಲಿ, ನೋಡೋಣ ಎಂದರು. ಖಚಿತವಾಗಿ ಗೊತ್ತಿರುವವಳು ನಾನೇ ಎಂದೆ. ದಿನವೂ ನೋಡುತ್ತೇನೆ, ಎಪ್ಪತ್ತೊಂದು. ಜೀವಮಾನದಲ್ಲಿ ಮೊದಲ ಸಲ ಸಾರ್ವಜನಿಕವಾಗಿ ನನ್ನ ತೂಕ ಹೇಳಿ, ಚಪ್ಪಲಿ ಬಿಟ್ಟು ಹತ್ತಿದೆ. ಮೈದಾನವೆಲ್ಲ ಬಗ್ಗಿ ನೋಡಿತು. ಎಪ್ಪತ್ತೆಂಟು.

ಆಯ್ಕೆಗಾರರು ಬೆರಳು ಮಡಚಿದರು. "ಅಂದ್ರ ನಮ್ಮ ಮಿಷನ್ ಏಳ ಕೆ.ಜಿ. ಹೆಚ್ಚಿಗಿ ತೋರಸಾಕತ್ತೈತಿ. ಹಂಗಾದ್ರ ನಿಮ್ಮ ಹುಡುಗ ಇನ್ನೂ ಏಳ ಕಡಿಮಿ ಆದ್ನಲ್ರೀ ಮೇಡಮ್" ಎಂದರು.

ಅಡತಿ ಅಂಗಡಿಯ ಮೂಟೆಯಂತೆ ನಾನು ಅಲ್ಲಿಯೇ ನಿಂತಿದ್ದೆ. ಬಚ್ಚಲುಮನೆಯ ತಿರುಗಣಿ, ಅದನ್ನು ತಿರುಗಿಸಿದ ಬೇಸರದ ದಿನಗಳು, ಹುಡುಗ ಬಿಟ್ಟ ಲೋಟಗಳು ಎಲ್ಲ ಒಟ್ಟಿಗೆ ನೆನಪಾದವು. ಸುಮ್ಮನಿದ್ದರೆ ನನ್ನ ಮಾನ ಉಳಿಯುತ್ತದೆ, ಇನಾಸ ಮುಳುಗುತ್ತಾನೆ. ಅವನು ಒಂದು ಚಪ್ಪಲಿ ಹಾಕಿಕೊಂಡು ಇನ್ನೊಂದನ್ನು ಕೈಯಲ್ಲಿ ಹಿಡಿದು ನನ್ನನ್ನೇ ನೋಡುತ್ತಿದ್ದ. "ಮಿಷನ್ ಸರಿ ಐತ್ರಿ" ಎಂದೆ. "ನಮ್ಮನ್ಯಾಗಿನ ಮಿಷನ್ನಿನ ಮುಳ್ಳು ನಾನ ಹಿಂದ ಸರಿಸಿಟ್ಟೇನಿ. ಈ ಹುಡುಗಗ ಮಾಡಿದ್ದ ಖುರಾಕು ಅರ್ಧ ನಾನ ತಿಂದೇನಿ." ಇನಾಸ ಮುಂದೆ ಬಂದು, ತಪ್ಪು ತನ್ನದು, ಹಳ್ಳಿ ಪಂದ್ಯದ ರೂಢಿಯಲ್ಲಿ ಓಡಿ ತೂಕ ಇಳಿಸಿಕೊಂಡೆ ಎಂದು ಹೇಳಿದ. ಇದನ್ನು ಕೇಳಿ ಆಯ್ಕೆಗಾರರು ಟೊಪ್ಪಿಗೆ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಅವರೂ ಹಳ್ಳಿಯ ತೂಕದ ಪಂದ್ಯಗಳಿಂದಲೇ ಮೇಲೆ ಬಂದವರಂತೆ. ಒಮ್ಮೆ ನೂರು ಗ್ರಾಮಿಗಾಗಿ ತಲೆಯ ಜೊತೆ ಹುಬ್ಬನ್ನೂ ಬೋಳಿಸಿಕೊಂಡಿದ್ದರಂತೆ. ಒಂದೇ ಒಂದು ದಾಳಿ ನೋಡುತ್ತೇನೆ, ನಿಲ್ಲು ಎಂದರು.

ಅವರ ತಂಡದ ಆಳೆತ್ತರದ ದಾಳಿಗಾರ ಬಂದ. ಇನಾಸ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತಂತೆ ಬಗ್ಗಿ ನಿಂತಿದ್ದ, ಮೊದಲೇ ಗಿಡ್ಡ, ಈಗ ಕಾಣಿಸುತ್ತಲೇ ಇರಲಿಲ್ಲ. ಬಹುಶಃ ಆ ದಾಳಿಗಾರನಿಗೂ ಕಾಣಿಸಲಿಲ್ಲ. ಅವನು ಕಾಲು ಚಾಚಿದ್ದೊಂದು ನೋಡಿದೆ. ಮರುಕ್ಷಣ ಇನಾಸ ಆ ಕಾಲ ಗಂಟಿಗೆ ಎರಡೂ ಕೈ ಬಿಗಿದು ನೆಲಕ್ಕೆ ಅಂಟಿಕೊಂಡಿದ್ದ. ದಾಳಿಗಾರ ಎಳೆದ, ಕಾಲು ಕೊಡವಿದ, ಇನಾಸನನ್ನು ಮ್ಯಾಟಿನ ಉದ್ದಕ್ಕೂ ಒರೆಸಿಕೊಂಡು ಹೋದ. ನಡುಗೆರೆ ಇನ್ನೊಂದು ಗೇಣಿದೆ ಎನ್ನುವಾಗ ದಾಳಿಗಾರನ ಕಬಡ್ಡಿ ಕಬಡ್ಡಿಯ ಉಸಿರು ಮುಗಿಯಿತು. ಇನಾಸನ ಕೈ ಹಾಗೆಯೇ ಇತ್ತು. ನಾನು ನಿಂತಲ್ಲೇ ಚಪ್ಪಾಳೆ ಹೊಡೆದೆ. ಆಯ್ಕೆಗಾರರು ನನ್ನ ಒಂದು ಪುಟದ ಅಭಿಪ್ರಾಯವನ್ನು ಮಡಚಿ ನನ್ನ ಕೈಗೆ ಹಿಂದಿರುಗಿಸಿ, "ಎತ್ತರ ಇಲ್ಲ, ತೂಕ ಇಲ್ಲ, ಹಿಡದದ್ದು ಬಿಡಬೇಕನ್ನೂ ಬುದ್ಧಿನೂ ಇಲ್ಲ. ಮೊದಲಿನ ಎರಡು ನಾವು ನೋಡ್ಕೋತೇವಿ, ಕಡೀದು ಕಲಿಸಾಕ ಬರೂದಿಲ್ರಿ" ಎಂದರು.

ಇನಾಸ ಈಗ ಅವರ ಶಿಬಿರದಲ್ಲಿದ್ದಾನೆ. ತಂಡಕ್ಕೆ ಸೇರಿಸುವ ಮಾತು ತೂಕ ಏರಿದ ಮೇಲೆಯೇ. ನಾನು ದಾಂಡೇಲಿಯಿಂದ ಬಂದ ದಿನವೇ ಯಂತ್ರದ ಮುಳ್ಳನ್ನು ಸೊನ್ನೆಗೆ ತಂದಿಟ್ಟಿದ್ದೇನೆ. ಇನ್ನು ಮೇಲೆ ಸತ್ಯವೇ ಗತಿ ಎಂದು ಯಜಮಾನರಿಗೂ ಸಾರಿದ್ದೇನೆ. ಮೊನ್ನೆ ಅವನು ಫೋನು ಮಾಡಿ, ಅರವತ್ತೇಳು ಆಯಿತು, ತಂಡದ ಅಂಗಿಗೆ ಅಳತೆ ಕೊಟ್ಟೆ ಎಂದ. ನಾನು ದೇವರಿಗೆ ದೀಪ ಹಚ್ಚುವವಳಿದ್ದೆ. ಅಷ್ಟರಲ್ಲಿ ಅವನು ಬಲು ಮರ್ಯಾದೆಯಿಂದ, "ನೀವೆಷ್ಟ ಆದ್ರಿ ಮೇಡಮ್?" ಎಂದು ಕೇಳಿದ. ಫೋನು ಹಿಡಿದುಕೊಂಡೇ ಬಚ್ಚಲುಮನೆಗೆ ಹೋದೆ. ತಿರುಗಣಿ ಮುಟ್ಟಲಿಲ್ಲ, ಪ್ರಮಾಣ. ಬಳೆ ತೆಗೆದಿಟ್ಟೆ, ಸರ ತೆಗೆದಿಟ್ಟೆ, ಗಡಿಯಾರ, ಕಿವಿಯೋಲೆ, ಕೊನೆಗೆ ಕನ್ನಡಕವನ್ನೂ ತೆಗೆದು ಕಿಟಕಿಯ ಮೇಲಿಟ್ಟು ಯಂತ್ರ ಹತ್ತಿದೆ. ಕೆಳಗೆ ಬಗ್ಗಿ ನೋಡಿದರೆ ಮುಳ್ಳೂ ಇಲ್ಲ, ಅಂಕೆಯೂ ಇಲ್ಲ, ಬರೀ ಮಂಜು. ಇನಾಸನಿಗೆ ಸುಳ್ಳು ಹೇಳಬಾರದಲ್ಲ, ಇದ್ದದ್ದನ್ನೇ ಹೇಳಿದೆ. "ಏನೂ ಕಾಣವಲ್ದಪಾ."